ಉಡಿ ತುಂಬುವ ಮೊದಲು

ಹಳ್ಳದ ವಸ್ತಿ, ಯಂಕಂಚಿ ಹತ್ತಿರ
ತಾ. ಸಿಂದಗಿ
ಏಪ್ರಿಲ್ 9, ರವಿವಾರ

ಗೆಳತಿ ಶೈಲಾ,

ಎಲ್ಲರೂ ಆರಾಮ ಇದ್ದೇವೆ ಎಂದು ಬರೆಯಲು ಎರಡು ಸಲ ಕೂತೆ, ಎರಡು ಸಲವೂ ಹಾಳೆ ಹರಿದೆ. ಫೋನು ಮಾಡಬಹುದಿತ್ತು. ಆದರೆ ನಿನ್ನ ಫೋನನ್ನು ಈಗ ನಿನ್ನ ಪಿಎ ಕಲ್ಮೇಶನೇ ಎತ್ತುತ್ತಾನೆ, ಮೇಡಮ್ ಮೀಟಿಂಗಿನಲ್ಲಿದ್ದಾರೆ ಅನ್ನುತ್ತಾನೆ. ಹಾಗಾಗಿ ಕಾಗದ. ಲಕೋಟೆಗೆ ಅಂಟು ಹಚ್ಚಿ ಕೊಡುತ್ತೇನೆ, ನೀನೇ ಒಡೆದು ಓದು.

ಗುರುವಾರ ಆ ಕಲ್ಮೇಶನೇ ಬಂದಿದ್ದ. ಬರುವ ಶುಕ್ರವಾರ ನಿನ್ನ ಚುನಾವಣೆ ಪ್ರಚಾರ ನಮ್ಮ ವಸ್ತಿಯ ಹನಮಪ್ಪನ ಗುಡಿಯಿಂದ ಶುರುವಂತೆ. ಹೋದ ಸಲದ ಹಾಗೆ ಮೊದಲ ಉಡಿ ನಾನೇ ತುಂಬಬೇಕಂತೆ, ಆಮೇಲೆ ನಿನ್ನ ಕೆಲಸದ ಬಗ್ಗೆ ಐದು ನಿಮಿಷ ಮಾತಾಡಬೇಕಂತೆ. ನೀವು ಸಾಲಿ ಟೀಚರ್ ಇದ್ದವರು, ನಿಮ್ಮ ಮಾತನ್ನು ಮಂದಿ ನಂಬುತ್ತಾರೆ ಅಂದ. ಕೇಳಿ ಖುಷಿಯಾಗಬೇಕಿತ್ತು. ನನಗೆ ಮಾತ್ರ ಎಲ್ಲಾದರೂ ಸುಮ್ಮನೆ ಕೂತುಬಿಡೋಣ ಅನ್ನಿಸಿತು. ಈಚೆಗೆ ಭಾಳ ದಣಿವು, ಶೈಲಾ.

ಹೋಗುವಾಗ ನಿನ್ನ ಸಾಧನೆಯ ಪುಸ್ತಕ ಕೊಟ್ಟು ಹೋದ. ಮುಖಪುಟದ ಮೇಲೆ ಹೋದ ಚುನಾವಣೆಯ ಫೋಟೋ. ನೀನು ಸೆರಗು ಒಡ್ಡಿ ನಿಂತಿದ್ದೀ, ನಾನು ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಗುಳೇದಗುಡ್ಡದ ಕುಪ್ಪಸದ ಖಣ ಹಾಕುತ್ತಿದ್ದೇನೆ. ನಾ ನಿಮ್ಮೂರ ಮಗಳು, ನನ್ನ ಉಡಿಯೊಳಗೆ ವೋಟು ಹಾಕ್ರಿ ಎಂದು ನೀನು ಮೈಕಿನಲ್ಲಿ ಕೇಳಿದ್ದೆ. ಹೆಂಗಸರೆಲ್ಲ ಕಣ್ಣೊರೆಸಿಕೊಂಡಿದ್ದರು. ತವರಿನವರು ಮಗಳ ಉಡಿಗೆ ಹಾಕಿದ್ದನ್ನು ತಿರುಗಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಅದಕ್ಕೇ ಇರಬೇಕು, ಐದು ವರ್ಷ ನಿನ್ನನ್ನು ಯಾರೂ ಏನೂ ಕೇಳಲಿಲ್ಲ.

ಮಾತಾಡಬೇಕೆಂದರೆ ಓದಿ ತಾನೆ ಮಾತಾಡಬೇಕು? ಮೂವತ್ತೊಂದು ವರ್ಷ ಪೇಪರ್ ತಿದ್ದಿದ ಕೈ ಇದು. ಕೆಂಪು ಪೆನ್ನು ಹಿಡಿದು ಕೂತೆ. ಶೈಲಾ ಗೊಳಸಂಗಿ ಸಾಲಿಯಲ್ಲಿ ನಿನ್ನ ಗಣಿತ ನೋಡಿ ಬರೆದವಳು, ಅವಳಿಗೆ ಈಗ ಮಾರ್ಕ್ಸ್ ಹಾಕಲು ಕೂತೆಯೇನು ಎಂದು ನಮ್ಮ ಮನೆಯವರು ಚಾಷ್ಟಿ ಮಾಡಿದರು. ನಗು ಬರಲಿಲ್ಲ.

ಸುಳ್ಳು ಯಾಕೆ ಹೇಳಲಿ, ರಸ್ತೆಗೆ ಪೂರ್ತಿ ಅಂಕ ಕೊಟ್ಟೆ. ಮೊದಲು ಮಳೆಗಾಲದಲ್ಲಿ ಯಂಕಂಚಿ ತಲುಪಲು ಚಪ್ಪಲಿ ಕೈಯಲ್ಲಿ ಹಿಡಿದು ಹೋಗುತ್ತಿದ್ದೆವು, ಈಗ ಬಸ್ಸು ಬರುತ್ತದೆ. ಕಾಲುವೆಗೂ ಕೊಟ್ಟೆ. ಅದು ನಿನಗಿಂತ ಮೊದಲೇ ಶುರುವಾದ ಕೆಲಸ, ಎಲ್ಲ ನೀನೇ ಮಾಡಿದೆ ಎಂದು ಬರೆಸಿಕೊಳ್ಳಬಾರದಿತ್ತು. ಆದರೂ ನಮ್ಮ ಕಡೆಗೆ ನೀರು ಬಿಡಿಸಲು ನೀನು ನಾಲ್ಕು ಸಲ ಆಲಮಟ್ಟಿಗೆ ಹೋಗಿ ಕೂತದ್ದು ನನಗೆ ಗೊತ್ತು. ಮನೆಮನೆಗೆ ನಳ ಅಂತ ಬರೆದಿದ್ದೀ. ನಳ ಬಂದಿದೆ, ನೀರು ವಾರಕ್ಕೊಮ್ಮೆ ಬರುತ್ತದೆ. ಅರ್ಧ ಅಂಕ. ಮುದ್ದೇಬಿಹಾಳದ ಕಡೆ ಕಟ್ಟಿಸಿದ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ನಿನ್ನ ಪುಸ್ತಕದಲ್ಲಿ ಬಣ್ಣ ಕೂಡ ಹಚ್ಚಿಯಾಗಿದೆ. ಹೋದ ತಿಂಗಳು ನಾನು ನೋಡಿದಾಗ ಅದಕ್ಕೆ ಮೇಲ್ಛಾವಣಿಯೇ ಇರಲಿಲ್ಲ. ಮೂರು ವರ್ಷ ಮಂತ್ರಿಯಾಗಿದ್ದವಳು ಅಷ್ಟು ನೋಡಲಿಲ್ಲವೇ ಎಂದು ಸಿಟ್ಟು ಬಂತು. ಸೊನ್ನೆ ಹಾಕಿದೆ.

ಹದಿನೇಳನೇ ಪುಟಕ್ಕೆ ಬಂದಾಗ ಪೆನ್ನು ನಿಂತಿತು. 'ಹಳ್ಳದ ವಸ್ತಿ ಆರೋಗ್ಯ ಉಪಕೇಂದ್ರ: ಹೊಸ ಕಟ್ಟಡ, ಸಿಬ್ಬಂದಿ ಭರ್ತಿ.' ಆ ಪುಟ ಬಿಟ್ಟು ಮುಂದೆ ಹೋದೆ. ಕೊನೆಯ ತನಕ ಓದಿ ಮತ್ತೆ ಅಲ್ಲಿಗೇ ಬಂದೆ.

ಮೊನ್ನೆ ಶುಕ್ರವಾರ ಮುಂಜಾನೆ ಎದ್ದು ಆ ಉಪಕೇಂದ್ರದ ತನಕ ನಡೆದುಹೋದೆ. ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ, ಆದರೆ ಎರಡು ವರ್ಷದಿಂದ ನಾನು ಆ ಓಣಿಗೆ ಸುಮ್ಮಸುಮ್ಮನೆ ಹೋದವಳಲ್ಲ. ಬಾಗಿಲಿಗೆ ಕೀಲಿ. ಪಡಸಾಲೆಯಲ್ಲಿ ಶಂಕ್ರೆವ್ವನ ಆಡುಗಳು ಮಲಗಿದ್ದವು. ಶಂಕ್ರೆವ್ವನ ಮನೆ ಎದುರಿಗೇ ಇದೆ, ಹೊರಗೆ ಕೂತು ಜೋಳ ಹಸನು ಮಾಡುತ್ತಿದ್ದಳು. ಟೀಚರ್ ಬಂದರು ಎಂದು ಮೊರ ಬದಿಗಿಟ್ಟು ಚಹಾಕ್ಕೆ ಇಟ್ಟಳು.

ಇವಳ ಸೊಸೆಯ ಸುದ್ದಿ ನಿನ್ನ ತನಕ ಬಂದಿರಲಿಕ್ಕಿಲ್ಲ. ಸಂಕ್ರಾಂತಿಗೆ ವಾರವಿರುವಾಗ ಮಧ್ಯಾಹ್ನ ಬೇನೆ ಶುರುವಾಯಿತು. ಚೊಚ್ಚಲ ಹೆರಿಗೆ. ನೋಡುವ ನರ್ಸು ಊರಲ್ಲಿಲ್ಲ. ಸಂಜೆ ತನಕ ಕಾದು, ಟಂಟಂ ರಿಕ್ಷಾದಲ್ಲಿ ಮಲಗಿಸಿಕೊಂಡು ಸಿಂದಗಿಗೆ ಹೊರಟರು. ಯಂಕಂಚಿ ದಾಟುವುದರೊಳಗೆ ಗಾಡಿಯಲ್ಲೇ ಹೆರಿಗೆಯಾಯಿತು. ಕೂಸು ಅಳಲಿಲ್ಲ. ಕೂಸು ಕಾಲು ಮುಂದಾಗಿ ತಿರುಗಿತ್ತು, ವಾರ ಮೊದಲೇ ಯಾರಾದರೂ ಹೊಟ್ಟೆ ಮುಟ್ಟಿ ನೋಡಿದ್ದರೆ ಗೊತ್ತಾಗುತ್ತಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರಂತೆ. ಆವಾಗ ನಾನೂ ಮಾತಾಡಿಸಲು ಹೋಗಿದ್ದೆ. ಬಾಗಿಲ ಹತ್ತಿರ ಕೂತು, ಬಾಯಿ ತೆಗೆಯದೆ ಎದ್ದು ಬಂದಿದ್ದೆ.

ಮೊನ್ನೆ ಬಾಯಿ ತೆಗೆದೆ. ಶೈಲಾ ಬರುತ್ತಾಳೆ, ಉಡಿ ತುಂಬಲೋ ಬೇಡವೋ ಎಂದು ಶಂಕ್ರೆವ್ವನನ್ನೇ ಕೇಳಿದೆ. ಅವಳು ಸಿಟ್ಟಿಗೇಳಲಿ ಎಂದು ಕಾದೆ. ಅವಳು ಬಟ್ಟಲು ಕೈಗೆ ಕೊಡುತ್ತ ಅಂದಳು:

"ತುಂಬ್ರಿ, ಮನಿ ಮಗಳು. ನಾನೂ ತುಂಬ್ತೇನಿ. ಸೊಸಿ ಕುಬಸದಾಗ ಬಂದ ಖಣ ಮಡಿಕಿ ಬಿಚ್ಚದ ಹಂಗ ಐತಿ. ಅದನ್ನ ಹಾಕ್ತೇನಿ."

ಕುಬಸದ ಖಣ, ಶೈಲಾ. ಬಸುರಿಗೆಂದು ತವರಿನವರು ತಂದದ್ದು. ಚಹಾ ಕುಡಿಯದೆ ಬಟ್ಟಲು ಕೆಳಗಿಟ್ಟೆ. ಆಮೇಲೆ ಅವಳು ಎದುರಿನ ಉಪಕೇಂದ್ರದ ಗೋಡೆ ಕಡೆ ನೋಡಿ, ಮಳೆ ಬಂತು ಹೋಯಿತು ಅನ್ನುವಷ್ಟೇ ಸಾದಾ ದನಿಯಲ್ಲಿ ಇನ್ನೊಂದು ಮಾತು ಅಂದಳು.

"ನಿಮ್ಮ ಸೊಸಿ ಹೆಸರು ಇನ್ನೂ ಬೋರ್ಡಿನ ಮ್ಯಾಲೆ ಐತ್ರಿ, ಟೀಚರ್."

ಇದೆ. ಆರೋಗ್ಯ ಸಹಾಯಕಿ, ಸುರೇಖಾ ಅನೀಲಕುಮಾರ. ನೀಲಿ ಅಕ್ಷರ ಸ್ವಲ್ಪವೂ ಮಾಸಿಲ್ಲ.

ನಿನಗೆ ನೆನಪಿಲ್ಲದಿರಬಹುದು, ಇಂಥ ಕೆಲಸ ಎಷ್ಟು ಮಂದಿಗೆ ಮಾಡಿಕೊಟ್ಟಿದ್ದೀಯೋ. ನನ್ನ ಮಗ ಅನೀಲ ಇಂಡಿ ಪಟ್ಟಣದಲ್ಲಿ ನೌಕರಿ, ಸೊಸೆ ಸುರೇಖಾ ಇಲ್ಲಿ ನರ್ಸು. ಮೊಮ್ಮಗಳನ್ನು ಇಂಡಿಯ ಸಾಲಿಗೆ ಹಾಕಿದರು. ದಿನಾ ಎರಡು ಬಸ್ಸು ಹಿಡಿದು ಇಲ್ಲಿಗೆ ಬಂದುಹೋಗಿ ಸುರೇಖಾ ಸೊರಗಿ ಹೋಗಿದ್ದಳು, ನೋಡಲಾಗುತ್ತಿರಲಿಲ್ಲ. ನಾನು ನಿನ್ನ ಮನೆಗೆ ಬಂದೆ. ಬಸವನ ಬಾಗೇವಾಡಿ ಕಾಲೇಜಿನ ದಿನಗಳ ಮಾತಾಡಿದೆವು, ನಕ್ಕೆವು, ನಾನು ಎದ್ದು ಹೊರಡುವುದರೊಳಗೆ ನೀನು ಫೋನು ಮಾಡಿ ಮುಗಿಸಿದ್ದೆ. ವಾರದೊಳಗೆ ಸುರೇಖಾಳಿಗೆ ಇಂಡಿಯಲ್ಲಿ ಒಂದು ಕಚೇರಿಗೆ ನಿಯೋಜನೆಯಾಯಿತು. ಅವಳು ಅಲ್ಲಿ ಕಡತ ನೋಡುತ್ತಾಳೆ, ಹೆಸರು ಮತ್ತು ಪಗಾರ ಇಲ್ಲಿ. ಹೆಸರು ಇಲ್ಲೇ ಇರುವುದರಿಂದ ಸರಕಾರದ ಲೆಕ್ಕದಲ್ಲಿ ಜಾಗ ಖಾಲಿ ಇಲ್ಲ, ಬೇರೆ ನರ್ಸನ್ನು ಕಳಿಸುವುದಿಲ್ಲ. ಸಿಬ್ಬಂದಿ ಭರ್ತಿ. ಆ ಪುಟದಲ್ಲಿ ಸುಳ್ಳಿಲ್ಲ, ನೋಡು.

ಇದು ಊರಿಗೆಲ್ಲ ಗೊತ್ತು. ಎರಡು ವರ್ಷದಿಂದ ನನ್ನ ಮುಖದ ಮೇಲೆ ಒಬ್ಬರೂ ಅಂದಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮನೆಗೆ ಬಂದು ಸುರೇಖಾಳಿಗೆ ಫೋನು ಮಾಡಿ, ತಿರುಗಿ ಊರಿಗೆ ಬರುತ್ತೇನೆಂದು ಅರ್ಜಿ ಕೊಡು, ಮೊಮ್ಮಗಳನ್ನು ನಾನು ನೋಡಿಕೊಳ್ಳುತ್ತೇನೆ ಅಂದೆ. ನೀವೇ ಕೈ ಮುಗಿದು ಕೊಡಿಸಿದಿರಿ, ಈಗ ನೀವೇ ಕಸಿದುಕೊಳ್ಳುತ್ತೀರಾ ಎಂದಳು. ಅದರಲ್ಲಿ ತಪ್ಪೇನಿದೆ? ಆಮೇಲೆ ಅನೀಲ ಮಾತಾಡಿದ. ನಿನಗೆ ನಮಗಿಂತ ಓಣಿ ಮಂದಿ ಹೆಚ್ಚಾದರೇನವ್ವಾ ಅಂದು ಫೋನು ಇಟ್ಟ. ಎರಡು ದಿನದಿಂದ ಇಬ್ಬರೂ ಫೋನು ಎತ್ತಿಲ್ಲ. ಅವರು ಇನ್ನು ಈ ಮನೆಯ ಹೊಸ್ತಿಲು ತುಳಿಯದೇ ಇರಬಹುದು.

ಆದರೂ ಶುಕ್ರವಾರ ಬಾ. ಗುಡಿಗೆ ಬೇಡ, ಉಪಕೇಂದ್ರದ ಪಡಸಾಲೆಗೆ ಬಾ. ಆಡು ಓಡಿಸಿ ಕಸ ಹೊಡೆದಿಟ್ಟಿರುತ್ತೇನೆ. ಉಡಿಯ ಸಾಮಾನು ತಂದಿಟ್ಟಿದ್ದೇನೆ. ಈ ಸಲ ಹಾಕುವ ಮೊದಲು ಎಲ್ಲರ ಎದುರಿಗೆ ಒಂದು ಮಾತು ಕೇಳುತ್ತೇನೆ: ಈ ಬೋರ್ಡಿನಲ್ಲಿರುವ ನರ್ಸು ಎಲ್ಲಿ? ನನ್ನ ಸೊಸೆ ಎಂದು ಬಿಡಬೇಡ. ಇಂಥ ಬೋರ್ಡು ಇನ್ನೆಷ್ಟು ಊರಿನಲ್ಲಿವೆಯೋ ಅವನ್ನೂ ಸೇರಿಸಿ ಉತ್ತರ ಕೊಡು. ಕೊಟ್ಟರೆ ಮೊದಲ ಉಡಿ ನನ್ನದು. ಕೊಡದಿದ್ದರೆ ಅಕ್ಕಿಯನ್ನು ಮನೆಗೆ ಒಯ್ಯುತ್ತೇನೆ. ಕಲ್ಮೇಶ ಫೋಟೋ ತೆಗೆಯಲಿ, ಬೇಡ ಅನ್ನುವುದಿಲ್ಲ.

ನೀನು ಬಾರದೇ ಇದ್ದರೂ ನಾನು ಅಲ್ಲೇ ಕೂತಿರುತ್ತೇನೆ.

ಇಂತಿ,
ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದ
ಸುನಂದಾ

ತಾ.ಕ.: ಹದಿನೇಳನೇ ಪುಟಕ್ಕೆ ಇನ್ನೂ ಅಂಕ ಹಾಕಿಲ್ಲ. ಆವತ್ತು ಫೋನು ಮಾಡುವ ಮೊದಲು ನೀನು ಒಂದು ಮಾತು ಕೇಳಿದ್ದೆ: "ಅಲ್ಲಿ ಬಸುರಿ ಬಾಣಂತೇರನ್ನ ಯಾರು ನೋಡ್ತಾರ, ಸುನಂದಾ?" ನೀನು ಮರೆತಿದ್ದರೂ ನಾನು ಮರೆತಿಲ್ಲ. "ಯಾರರೆ ಬರ್ತಾರ ಬಿಡ" ಅಂದವಳು ನಾನು. ಶುಕ್ರವಾರ ನನ್ನ ಐದು ನಿಮಿಷದ ಮಾತನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.