ಭಾನುವಾರದ ದೋಣಿಯಲ್ಲಿ ಒಂದು ಜಾಗ

ವಿಂಡ್‌ವರ್ಡ್, ಕ್ಯಾರಿಯಾಕೂ
ಸೋಮವಾರ, ೨೨ ಮೇ ೧೯೮೯

ಎದುರು ದಡದ ಆಸ್ಬರ್ಟ್‌ಗೆ, ಈ ದಡದಿಂದ ಲೆನೋರಾಳ ನಮಸ್ಕಾರ.

'ನಿನ್ನ ಹೆಂಡತಿ' ಎಂದು ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ, ಮತ್ತೆ ಹೊಡೆದು ಹಾಕಿದೆ. ಇದು ಮೂರನೆಯ ಹಾಳೆ. ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯಲು ಕೂತವಳು ಒಂದೇ ತೋಳನ್ನು ಎರಡು ಸಲ ತಿರುವುಮುರುವಾಗಿ ಜೋಡಿಸಿದೆ. ಕಿಟಕಿ ತೆರೆದರೆ ನೀರಿನಾಚೆ ನಿನ್ನ ಪೆಟಿಟ್ ಮಾರ್ಟಿನಿಕ್ ದ್ವೀಪ ಕಣ್ಣಿಗೆ ಬೀಳುತ್ತದೆ, ಮುಚ್ಚಿದರೆ ಸೆಕೆ. ಗಂಡ ಬಿಟ್ಟು ಹೋಗುವುದಾದರೆ ಕಣ್ಣಿಗೆ ಕಾಣದಷ್ಟು ದೂರ ಹೋಗಬೇಕು. ಒಲೆ ಹಚ್ಚಿದ ಹೊಗೆ ಕಾಣುವಷ್ಟು ದೂರದಲ್ಲಿ ಅಣ್ಣನ ಮನೆಯಲ್ಲಿ ಹೋಗಿ ಕೂರುವುದು ಯಾವ ನ್ಯಾಯ?

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ನೀನು ಕಟ್ಟುತ್ತಿರುವ ಹೊಸ ದೋಣಿಯ ಹೆಸರು ನಮ್ಮಲ್ಲಿ ಯಾರ ಕಿವಿಗೂ ಬಿದ್ದಿಲ್ಲ. ಯಾರೋ ಏನೋ ಅಂದರೆಂದು ಹೆಸರು ಬದಲಾಯಿಸಬೇಡ. ನಿನ್ನ ಅಕ್ಕ ಥೆಲ್ಮಾ ಬುಧವಾರ ಅಲ್ಲಿಗೆ ಬರುತ್ತಿದ್ದಾಳೆ, ಈ ಪತ್ರವನ್ನು ಅವಳ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ಅವಳು ಬಾಯಿ ತೆರೆಯುವ ಮೊದಲು ನೀನು ಇದನ್ನು ಒಡೆದು ಓದು.

ನಾನು ಭಾನುವಾರ ಭಾನುವಾರ ದೋಣಿ ವಿಹಾರಕ್ಕೆ ಹೋಗುವ ಸುದ್ದಿಯನ್ನು ಅವಳು ಆಗಲೇ ಮುಟ್ಟಿಸಿರುತ್ತಾಳೆ. ನೀನು ನಂಬಿರಲಾರೆ. ಹತ್ತೊಂಬತ್ತು ವರ್ಷ, ಚರ್ಚ್ ಮುಗಿದ ಮೇಲೆ, ನೀನು ಊಟದ ಬುಟ್ಟಿ ಹೊತ್ತು ಗೇಟಿನ ಹತ್ತಿರ ನಿಂತು "ಬಾ, ಹೋಗೋಣ" ಎಂದು ಕರೆಯುತ್ತಿದ್ದೆ. ಅಕ್ಕಪಕ್ಕದ ಹೆಂಗಸರೆಲ್ಲ ಗಂಡಂದಿರ ಜೊತೆ ಸ್ಯಾಂಡಿ ಐಲ್ಯಾಂಡಿಗೆ ಹೋಗಿ, ಈಜಿ, ಮೀನು ಸುಟ್ಟು ತಿಂದು, ಸಂಜೆ ಮೂಗು ಕೆಂಪು ಮಾಡಿಕೊಂಡು ಬರುತ್ತಿದ್ದರು. ನಾನು ಒಂದು ಸಲವೂ ಬರಲಿಲ್ಲ. ಒಮ್ಮೆ ತಲೆನೋವು, ಒಮ್ಮೆ ಇಸ್ತ್ರಿ, ಉಳಿದ ಸಲವೆಲ್ಲ ಒಲೆಯ ಮೇಲೆ ತೊಗರಿಕಾಳು. ನೀನು ನಗುತ್ತಿದ್ದೆ, "ಅದೆಂಥ ತೊಗರಿಕಾಳೇ ಮಾರಾಯ್ತಿ, ಮದ್ವೆ ಆದಾಗಿಂದ ಬೇಯ್ತಾನೇ ಇದೆ!" ಎಂದು.

ಈಗ ನೋಡು, ಹನ್ನೊಂದು ತಿಂಗಳಲ್ಲಿ ಒಂದು ಭಾನುವಾರವನ್ನೂ ತಪ್ಪಿಸಿಲ್ಲ. ಅದೂ ಯಾವ ದೋಣಿಯಲ್ಲಿ? ನೀನು ಕಾಲು ಮುರಿದುಕೊಂಡು ಸೇಂಟ್ ಜಾರ್ಜಸ್ ಆಸ್ಪತ್ರೆಯಲ್ಲಿ ಮಲಗಿದ್ದಾಗ, ನಿನ್ನನ್ನು ಒಂದು ಮಾತೂ ಕೇಳದೆ ನಾನು ಡೆಲ್ಬರ್ಟ್‌ಗೆ ಮಾರಿದ ದೋಣಿಯಲ್ಲಿ. ನೀನು ನನ್ನ ಹೆಸರಿಟ್ಟಿದ್ದ ದೋಣಿಯಲ್ಲಿ. ಅವನು 'ಲೆನೋರಾ'ದ ಮೇಲೆ ಹಸಿರು ಬಣ್ಣ ಬಳಿದು 'ಸಂಡೇ ಬ್ರೀಜ್' ಎಂದು ಬರೆಸಿದ್ದಾನೆ. ಹಿಂದೆ ಎಂಜಿನ್ ಕೂರಿಸಿ ಪ್ರವಾಸಿಗರನ್ನು ಸುತ್ತಾಡಿಸುತ್ತಾನೆ. ಬಿಸಿಲಿಗೆ ಹಸಿರು ಮಾಸಿ ಹಳೆಯ ಅಕ್ಷರಗಳು ಅಲ್ಲಲ್ಲಿ ಇಣುಕುತ್ತಿವೆ. ನಾನು ಅದರ ಪಕ್ಕದಲ್ಲೇ ಕೂರುತ್ತೇನೆ.

ಎಲ್ಲರಿಗೂ ಹೇಳುವುದು ಗಾಳಿ ಸೇವನೆಗೆ ಎಂದು. ಥೆಲ್ಮಾ ಬಿಡುತ್ತಾಳೆಯೇ? "ಗಂಡ ಇದ್ದಾಗ ಒಂದಿನ ಹತ್ಲಿಲ್ಲ, ಈಗ ಇಳಿಯೋ ಮಾತೇ ಇಲ್ವಲ್ಲೇ!" ಎನ್ನುತ್ತಾಳೆ. ಮೊದಲ ಎರಡು ತಿಂಗಳು ಹೋಗುತ್ತ ವಾಂತಿ, ಬರುತ್ತ ವಾಂತಿ. ಡೆಲ್ಬರ್ಟ್ ನನಗೆಂದೇ ಒಂದು ನೀಲಿ ಬಕೆಟ್ ಇಟ್ಟಿದ್ದಾನೆ. "ಮಿಸ್ ಲೆನೋರಾ, ಬಕೆಟ್ ತೊಳೆದಿಟ್ಟಿದೀನಿ, ಧಾರಾಳವಾಗಿ ನಡೀಲಿ" ಎಂದು ಎಲ್ಲರೆದುರು ಕೂಗುತ್ತಾನೆ, ಅವನ ನಾಲಿಗೆ ಸೇದಿಹೋಗ. ಸ್ಯಾಂಡಿ ಐಲ್ಯಾಂಡಿನಲ್ಲಿ ಉಳಿದವರು ನೀರಿಗೆ ಬಿದ್ದರೆ ನಾನು ಮರಳಿನ ಮೇಲೆ ಗಸ್ತು ತಿರುಗುತ್ತೇನೆ. ಯಾವಾಗ ಹೊರಡುತ್ತೀಯ, ಯಾವಾಗ ಹೊರಡುತ್ತೀಯ ಎಂದು ಡೆಲ್ಬರ್ಟ್‌ನ ಪ್ರಾಣ ತಿನ್ನುತ್ತೇನೆ. ಹೊರಟ ಮೇಲೆ ಇಷ್ಟು ಬೇಗ ಮನೆಗೇಕೆ ಎಂದು ಇನ್ನೊಂದು ರಗಳೆ.

ನಿನ್ನೆ ನಡೆದದ್ದು ಇದೇ ರಗಳೆಯಿಂದ. ಥೆಲ್ಮಾಳೂ ನನ್ನ ಜೊತೆ ದೋಣಿ ಹತ್ತಿದ್ದಳು. "ಈ ಜನಕ್ಕೆ ದೋಣಿ ಕಟ್ಟೋದು ತೋರ್ಸಪ್ಪ, ಬರೀ ಮರಳು ನೋಡಿ ಹೋಗ್ಬೇಕಾ?" ಎಂದು ಡೆಲ್ಬರ್ಟ್‌ನ ತಲೆಗೆ ತುಂಬಿದವಳು ನಾನೇ. "ಇದು ದಾರಿನಾ ಮಿಸ್ ಲೆನೋರಾ? ದ್ವೀಪನೇ ಸುತ್ತಬೇಕು" ಎಂದು ಗೊಣಗುತ್ತಲೇ ಅವನು ನಿನ್ನ ದಡದ ಕಡೆ ತಿರುಗಿಸಿದ. ನೀನು ದೋಣಿಯ ಹೊಟ್ಟೆಯ ಕೆಳಗೆ ಬಗ್ಗಿ ನೀರು ಸೋರದಂತೆ ಹಲಗೆಗಳ ಸಂದಿಗೆ ಹತ್ತಿ ತುಂಬುತ್ತಿದ್ದೆ. ನಿನ್ನ ಕಡೆ ನಾನೇನೂ ನೋಡಲಿಲ್ಲ. ನೀಲಿ ಅಂಗಿಯ ಬಲ ಮೊಣಕೈ ಹರಿದಿದೆ, ಅಷ್ಟೆ. ಊರುಗೋಲು ಬಿಟ್ಟಿದ್ದೀಯ, ಒಳ್ಳೆಯದು.

ಮುಂಭಾಗದ ಹೆಸರಿಗೆ ಬಿಳಿ ಬಟ್ಟೆ ಮುಚ್ಚಿತ್ತಲ್ಲ, ಆಗಲೇ ಗಾಳಿ ಬಂದು ಅದನ್ನು ಎತ್ತಿ ಹಾಕಿತು. ನಾವು ಮೂವರೂ ತಟ್ಟನೆ ಮುಖ ತಿರುಗಿಸಿದೆವು, ಡೆಲ್ಬರ್ಟ್ ಎಂಜಿನ್ ಕಡೆಗೆ, ಥೆಲ್ಮಾ ಆಕಾಶಕ್ಕೆ, ನಾನು ಬಕೆಟ್ಟಿಗೆ. ಆದರೆ ಪ್ರವಾಸಿಗರಿಗೇನು ಗೊತ್ತು? ಕೆಂಪು ಟೋಪಿಯ ಒಬ್ಬ ಹೆಂಗಸು ದುರ್ಬೀನು ಹಿಡಿದು, ಶಾಲೆಯ ಮಗುವಿನಂತೆ ಗಟ್ಟಿಯಾಗಿ ಓದಿಯೇಬಿಟ್ಟಳು. "ಅಯ್ಯೋ, ಬಾಯ್ಮುಚ್ಚಮ್ಮ ತಾಯಿ!" ಎಂದು ಕಿರುಚಿದ ಥೆಲ್ಮಾ ಕಿವಿಗೆ ಬೆರಳಿಟ್ಟುಕೊಂಡು ಚರ್ಚಿನ ಹಾಡು ಶುರು ಮಾಡಿದಳು. ನೀನು ತಲೆ ಎತ್ತಿದ್ದು ಆಗಲೇ.

ನೀರಿಗಿಳಿಯುವ ಮೊದಲು ಹೆಸರು ಯಾರ ಬಾಯಲ್ಲಾದರೂ ಬಂದು ನಮ್ಮವರ ಕಿವಿಗೆ ಬಿತ್ತೋ, ಆ ಹೆಸರು ಸತ್ತಂತೆ, ಬೇರೆ ಹುಡುಕಬೇಕು ಎಂದು ನನ್ನ ಅಪ್ಪ ಹೇಳುತ್ತಿದ್ದ. ಅಪ್ಪನ ಕೈಕೆಳಗೆ ಕೆಲಸ ಕಲಿತ ನೀನೂ ಅದನ್ನೇ ನಂಬುತ್ತೀಯ. ಅದಕ್ಕೇ ಆಣೆ ಮಾಡಿ ಹೇಳುತ್ತೇನೆ, ಥೆಲ್ಮಾಳ ಹಾಡಿನಲ್ಲಿ, ಎಂಜಿನ್ನಿನ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ.

ಅಪ್ಪನ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ಈ ಕಾಲು ಇಟ್ಟುಕೊಂಡು ಇನ್ನೆಂಥ ದೋಣಿ, ಅದಕ್ಕೇ ಮಾರಿದೆ ಎಂದು ನಿನಗೆ ಅಂದಿದ್ದೆ. ಅದು ನೆಪ. ಅಪ್ಪ ಒಂದು ಭಾನುವಾರ ಗೆಳೆಯರ ಜೊತೆ ವಿಹಾರಕ್ಕೆ ಹೋದವನು ಬರಲಿಲ್ಲ. ನನಗಾಗ ಹನ್ನೆರಡು ವರ್ಷ. ನಿನ್ನನ್ನು ಮದುವೆಯಾದ ಮೇಲೆ ಪ್ರತಿ ಭಾನುವಾರವೂ ಹಾಯಿ ಕಾಣುವವರೆಗೆ ಈ ಕಿಟಕಿಯಲ್ಲಿ ಸತ್ತು ಸತ್ತು ಬದುಕಿದ್ದೇನೆ. ನಿನ್ನ ಕಾಲು ಮುರಿದ ದಿನ ನನಗೆ ಖುಷಿಯಾಯಿತು ಆಸ್ಬರ್ಟ್. ಇನ್ನು ಇವನು ಮನೆಯಲ್ಲೇ ಇರುತ್ತಾನೆ ಎಂದು ಖುಷಿಯಾಯಿತು. ಬೈಯುವುದಾದರೆ ಇದಕ್ಕೆ ಬೈ. ನೀನು ಆಸ್ಪತ್ರೆಯಿಂದ ಬಂದು, ಖಾಲಿ ದಡ ನೋಡಿ, ಒಂದು ಮಾತೂ ಆಡದೆ ಊಟ ಮಾಡಿ, ಬೆಳಗ್ಗೆ ಉಪಕರಣದ ಪೆಟ್ಟಿಗೆ ಎತ್ತಿಕೊಂಡು ಹೊರಟೆ. ಬೈದಿದ್ದರೆ ಇಬ್ಬರೂ ಬೈದಾಡಿಕೊಂಡು ಮುಗಿಸಬಹುದಿತ್ತು.

ನೀರಿನ ಮೇಲೆ ಕೂತ ಮೇಲೆ ಒಂದು ತಿಳಿಯಿತು. ದೋಣಿಯಲ್ಲಿರುವವಳಿಗಿಂತ ಕಿಟಕಿಯಲ್ಲಿರುವವಳಿಗೇ ಭಯ ಹೆಚ್ಚು. ಇದು ತಿಳಿಯಲು ಹನ್ನೊಂದು ತಿಂಗಳು ಬೇಕಾಯಿತು, ನಾನು ದಡ್ಡಿ.

ಶನಿವಾರ ನಿನ್ನ ದೋಣಿ ನೀರಿಗಿಳಿಯುವಾಗ ಎರಡೂ ದ್ವೀಪಗಳ ಜನ ಸೇರುತ್ತಾರೆ. ನೀನು ಕರೆಯಲಿ ಎಂದು ನಾನೇನೂ ಕಾಯುತ್ತಿಲ್ಲ. ಇಲ್ಲಿಂದಲೇ ಎಲ್ಲ ಕಾಣುತ್ತದೆ. ಅಂಗಿಯನ್ನು ಥೆಲ್ಮಾಳ ಕೈಯಲ್ಲಿ ಕಳಿಸು, ಮೊಣಕೈ ಹೊಲಿದು ಕೊಡುತ್ತೇನೆ.

ಈಗಲೂ ನಿನ್ನ ಮನೆಯ ಕಿಟಕಿಯಲ್ಲಿರುವ,
ಲೆನೋರಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಡೆಲ್ಬರ್ಟ್‌ಗೂ ಥೆಲ್ಮಾಳಿಗೂ ಕೇಳಿಸಲಿಲ್ಲ, ಅದು ನಿಜ. ನನಗೆ ಕೇಳಿಸಿತು. ಅದಕ್ಕೇ ನಿನ್ನೆಯಿಂದ ಹೀಗೆ ಎದ್ದು ಕೂತು ಒದ್ದಾಡುತ್ತಿದ್ದೇನೆ. ಹೆಸರನ್ನು ಕಾಗದದ ಮೇಲೆ ಇಡುವುದಿಲ್ಲ. ಹತ್ತೊಂಬತ್ತು ವರ್ಷ ನಮ್ಮ ಗೇಟಿನಲ್ಲಿ ನಿಂತು ನೀನು ಕರೆದ ಆ ಎರಡು ಮಾತು ನನಗೆ ಹೊಸದಲ್ಲ, ಕೇಳಿಸಿಕೊಂಡರೆ ದೋಷವೂ ಇಲ್ಲ. ದಮ್ಮಯ್ಯ, ಬದಲಾಯಿಸಬೇಡ. ಶನಿವಾರ ನನಗೊಂದು ಜಾಗ ಇಡು. ತೊಗರಿಕಾಳು ಬೆಂದಿದೆ. ಬಕೆಟ್ ನಾನೇ ತರುತ್ತೇನೆ.