ನನ್ನ ಎರಡನೇ ಗಂಡನನ್ನು ಹಿಂದಕ್ಕೆ ಪಡೆಯಿರಿ

ಮಾನ್ಯ ಕುಲಸಚಿವರೇ,

ನಿಮ್ಮ ವಿಶ್ವವಿದ್ಯಾಲಯಕ್ಕೆ ನಾನು ಅರ್ಜಿ ಹಾಕಿದ್ದು ಡಾಕ್ಟರೇಟ್‌ಗಾಗಿ. ನೀವು ದಯಪಾಲಿಸಿದ್ದು ಗಂಡನನ್ನು. ಗಂಡ ನನಗೆ ಆಗಲೇ ಒಬ್ಬರಿದ್ದಾರೆ, ಇನ್ನೊಬ್ಬರ ಅಗತ್ಯ ಬಿದ್ದಿರಲಿಲ್ಲ. ನೀವು ಕೊಟ್ಟವರು ನಾನು ಕೆಲಸ ಮಾಡುವ ದವಾಖಾನೆಯ ಡಾಕ್ಟರ್ ಸೋಮಶೇಖರ್. ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು, ಸಕ್ಕರೆ ಕಾಯಿಲೆ, ಸಾಲದ್ದಕ್ಕೆ ಅನ್ನದಾನಮ್ಮ ಎಂಬ ಹೆಂಡತಿ. ನಿಮ್ಮ ಕಚೇರಿಯ ಈ ತಪ್ಪಿನಿಂದ ನನ್ನ ಪ್ರವೇಶ ನಿಂತಿದೆ. ತಿಂಗಳ ಕೊನೆಗೆ ಸೀಟೇ ಹೋಗುತ್ತದೆ. ಬರೆದ ಪತ್ರಗಳಿಗೆ ಸರಿಯಾದ ಉತ್ತರವಿಲ್ಲ. ಆದ್ದರಿಂದ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಊರಿಗೆ ಹೇಗೂ ಗೊತ್ತಾಗಿ ಹೋಗಿದೆ, ನಿಮಗೂ ಗೊತ್ತಾಗಲಿ.

ನಾನು ಕೊಟ್ಟೂರಿನಲ್ಲಿ ಫಿಸಿಶಿಯನ್ ಅಸಿಸ್ಟೆಂಟ್, ಅಂದರೆ ವೈದ್ಯ ಸಹಾಯಕಿ. ಚೆನ್ನೈನಲ್ಲಿ ಪದವಿ ಓದಿದವಳು, ಆಮೇಲೆ ಸ್ನಾತಕೋತ್ತರವನ್ನೂ ಮುಗಿಸಿದವಳು. ರೋಗಿಯ ಕಥೆ ಕೇಳುವುದು, ಬಿಪಿ ನೋಡುವುದು, ಡಾಕ್ಟರು ಹೇಳಿದಂತೆ ಇಂಜೆಕ್ಷನ್ ಕೊಡುವುದು ನನ್ನ ಕೆಲಸ. "ವೃತ್ತಿನಿರತ ವೈದ್ಯ ಸಹಾಯಕರೇ, ಕೆಲಸ ಬಿಡದೆ, ಊರು ಬಿಡದೆ ಆನ್‌ಲೈನ್‌ನಲ್ಲಿ ಡಾಕ್ಟರೇಟ್ ಪಡೆಯಿರಿ" ಎಂದು ನೀವು ಜಾಹೀರಾತು ಕೊಟ್ಟಾಗ ನನಗೆ ಕುಣಿಯುವಷ್ಟು ಖುಷಿಯಾಯಿತು. ಬಸ್ ಸ್ಟ್ಯಾಂಡಿನ ಬಳಿ ಇಂಟರ್‌ನೆಟ್ ಸೆಂಟರ್ ಇಟ್ಟಿರುವ ನನ್ನ ಗಂಡ ಅರುಣಕುಮಾರ್, ಕರೆಂಟು ಹೋಗಿ ಬಂದು ಮಾಡುವುದರ ನಡುವೆ ಅರ್ಜಿಯನ್ನು ತಾವೇ ಟೈಪು ಮಾಡಿ, ಡಾಕ್ಟರು ಬರೆದುಕೊಟ್ಟ ಅನುಭವ ಪ್ರಮಾಣಪತ್ರವನ್ನೂ ಸೇರಿಸಿ ಕಳಿಸಿದರು. ಸುಖವಾಗಿದ್ದೆವು.

ಈಗ ನಮ್ಮೂರಿನ ಒಂದು ಪದವನ್ನು ತಾವು ಕಲಿಯಬೇಕು. ನಮ್ಮ ಕಡೆ ಹೆಣ್ಣು ವೈದ್ಯೆ ಡಾಕ್ಟ್ರಮ್ಮ. ವೈದ್ಯರ ಹೆಂಡತಿಯೂ ಡಾಕ್ಟ್ರಮ್ಮ. ಕೈಯಲ್ಲಿ ಸಿರಿಂಜು ಹಿಡಿದು ನಿಂತ ಯಾವ ಹೆಂಗಸಾದರೂ ಡಾಕ್ಟ್ರಮ್ಮನೇ. ಗೊಂದಲವಾಗಬಾರದೆಂದು ಜನರೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ: ಅನ್ನದಾನಮ್ಮನವರು ಮನಿ ಡಾಕ್ಟ್ರಮ್ಮ, ನಾನು ಸೂಜಿ ಡಾಕ್ಟ್ರಮ್ಮ. ಹಾಗನ್ನಬೇಡಿರೆಂದು ನಾನು ಎಷ್ಟು ಸಲ ಹೇಳಿಲ್ಲ! ತೆಲಿಗಿಯಿಂದ ಬರುವ ದ್ಯಾಮಕ್ಕ ಎಂಬ ಮುದುಕಿಗೆ ನಾನು ಡಾಕ್ಟರ್ ಅಲ್ಲ, ಸಹಾಯಕಿ ಎಂದು ಬಿಡಿಸಿ ಬಿಡಿಸಿ ತಿಳಿಸಿದೆ. ಆಕೆ ಕೊನೆಯತನಕ ಕೇಳಿ, "ಆತು ಬಿಡ್ರಿ ಡಾಕ್ಟ್ರಮ್ಮ, ನೀವು ಡಾಕ್ಟರ್ ಅಲ್ಲ, ಈಗ ಸೂಜಿ ಮಾಡ್ರಿ" ಎಂದಳು.

ಇಂಥ ಊರಿಗೆ ನಿಮ್ಮ ಪರಿಶೀಲನಾ ವಿಭಾಗದವರು ಫೋನು ಮಾಡಿದರು. ನಾನು ಡ್ರೆಸ್ಸಿಂಗ್ ಮಾಡುತ್ತಿದ್ದೆ, ಡಾಕ್ಟರು ರೋಗಿ ನೋಡುತ್ತಿದ್ದರು. ಫೋನೆತ್ತಿದ್ದು ನಮ್ಮ ಆಯಾ ಜಂಬಕ್ಕ. ಅರ್ಚನಾ ಎಂಬವರು, ಅಂದರೆ ನಾನು, ಡಾಕ್ಟರ್ ಸೋಮಶೇಖರ್ ಅವರಿಗೆ ಏನಾಗಬೇಕು ಎಂದು ನಿಮ್ಮವರು ಕೇಳಿದರಂತೆ. ಏನಾಗಬೇಕು! ಕೆಲಸದ ವಿಷಯ ಕೇಳುವ ರೀತಿಯೇ ಇದು? ಹೆಣ್ಣು ನೋಡಲು ಬಂದವರು ಕೇಳುವ ಪ್ರಶ್ನೆಯಲ್ಲವೇ? ಜಂಬಕ್ಕ ತನಗೆ ತಿಳಿದದ್ದನ್ನು ಪ್ರಾಮಾಣಿಕವಾಗಿ ಹೇಳಿದಳು: "ಅವ್ರು ನಮ್ಮ ಡಾಕ್ಟ್ರಮ್ಮ ಅದಾರ್ರಿ." ನಿಮ್ಮವರು ಧನ್ಯವಾದ ಹೇಳಿ ಫೋನಿಟ್ಟರು. ಇಷ್ಟಕ್ಕೇ ನನ್ನ ಮದುವೆ ಮುಗಿದುಹೋಯಿತು. ಒಂದು ಅಕ್ಷತೆ ಕಾಳೂ ಬೀಳಲಿಲ್ಲ.

ಆಮೇಲೆ ಬಂತು ನಿಮ್ಮ ಹಿಂಬರಹ, "ಶ್ರೀಮತಿ ಅರ್ಚನಾ ಕೋಂ ಡಾ. ಸೋಮಶೇಖರ್" ಎಂಬ ವಿಳಾಸ ಹೊತ್ತು. ಕೋಂ ಎಂದರೆ ಇಂಥವರ ಹೆಂಡತಿ ಎಂಬುದು ಪಹಣಿ ನೋಡಿದ ಯಾರಿಗಾದರೂ ಗೊತ್ತು, ಪೋಸ್ಟ್‌ಮನ್ ಪಕ್ಕೀರಪ್ಪನಿಗಂತೂ ಚೆನ್ನಾಗಿ ಗೊತ್ತು. ಅವನು ಲಕೋಟೆಯನ್ನು ಕಾಯುತ್ತ ಕೂತ ರೋಗಿಗಳ ನಡುವೆ ನಿಂತು ಓದಿದ. ಜ್ವರದಲ್ಲಿದ್ದವರೂ ಎದ್ದು ಕೂತರು. ಒಳಗಿನ ಒಕ್ಕಣೆ ಇನ್ನೂ ಚೆಂದ: ಪತಿಯು ಪತ್ನಿಗೆ ನೀಡಿದ ಅನುಭವ ಪ್ರಮಾಣಪತ್ರವನ್ನು ಪರಿಗಣಿಸಲಾಗದು, ಆದ್ದರಿಂದ ಪ್ರವೇಶವನ್ನು ತಡೆಹಿಡಿಯಲಾಗಿದೆ.

ಅನ್ನದಾನಮ್ಮನವರು ದೊಡ್ಡ ಮನಸ್ಸಿನವರು. ಸವತಿ ಬಂದಳೆಂದು ನನ್ನನ್ನು ಅಡುಗೆಮನೆಗೆ ಕರೆದು ಚಹಾ ಕೊಟ್ಟು, ಇನ್ನು ಮೇಲೆ ಡಾಕ್ಟರ ಸಕ್ಕರೆ ಕಾಯುವ ಕೆಲಸ ವಾರಕ್ಕೆ ಮೂರು ದಿನ ನಿನ್ನದು ಎಂದು ಹಂಚಿಯೇ ಬಿಟ್ಟರು. ನನ್ನ ಗಂಡ ಮಾತ್ರ ನಗಲಿಲ್ಲ. "ನಾ ಟೈಪ್ ಮಾಡಿದ್ದು ನನ್ನ ಹೆಸರು. ಅದು ಯಾವ ದಾರ್ಯಾಗ ಹೋಗಿ ಡಾಕ್ಟರ್ ಹೆಸರಾತು?" ಎಂದು ಕಂಪ್ಯೂಟರನ್ನೇ ದಿಟ್ಟಿಸುತ್ತ ಕೂತರು. ಇಂಟರ್‌ನೆಟ್ಟಿನ ಮೇಲೆ ಅವರಿಗಿದ್ದ ನಂಬಿಕೆ ಅಂದೇ ಹೋಯಿತು, ಪಾಪ.

ತಪ್ಪಾಗಿದೆ, ತಿದ್ದಿರಿ ಎಂದು ಬರೆದೆ. ಅದಕ್ಕೆ ನಿಮ್ಮ ಉತ್ತರ: ಪತಿಯ ಹೆಸರು ಬದಲಾಯಿಸಲು ಹಿಂದಿನ ಪತಿಯಿಂದ ವಿಚ್ಛೇದನ ಪಡೆದ ಆದೇಶ ಅಥವಾ ಹಿಂದಿನ ಪತಿಯ ಮರಣ ಪ್ರಮಾಣಪತ್ರ ಲಗತ್ತಿಸಿ. ಅಲ್ಲ ಸ್ವಾಮಿ, ಇದನ್ನು ಬರೆದವರು ಬರೆದ ಮೇಲೆ ಒಮ್ಮೆ ಓದಿದರೇ? ಆದರೂ ನಾನು ಕಾನೂನಿಗೆ ತಲೆಬಾಗುವ ಹೆಣ್ಣುಮಗಳು. ರಜೆ ಹಾಕಿ ಕೂಡ್ಲಿಗಿಗೆ ಹೋಗಿ ವಕೀಲ ಹುಲುಗಣ್ಣನವರನ್ನು ಕಂಡೆ. ಅವರು ಎರಡು ಪತ್ರಗಳನ್ನೂ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು. "ಡೈವೋರ್ಸ್ ಕೊಡಿಸ್ತೀನವ್ವ, ಅದೇನ್ ದೊಡ್ಡದಲ್ಲ. ಆದ್ರ ಮೊದ್ಲ ನೀನು ಅವರನ್ನ ಮದುವಿ ಆಗಿ ಬರಬೇಕಾಗ್ತತಿ" ಎಂದರು.

ಉಳಿದದ್ದು ಮರಣ ಪ್ರಮಾಣಪತ್ರ. ಡಾಕ್ಟರು ವಿಷಯ ತಿಳಿದು ಲೆಟರ್‌ಹೆಡ್ ಎಳೆದುಕೊಂಡು, "ಸತ್ತವರಿಗೆ ಬರ್ಕೊಡೋ ಅಧಿಕಾರ ನನಗ ಐತಿ. ನಿನ್ನ ಓದಿಗೆ ಅನುಕೂಲ ಆಗೂದಾದ್ರ ನಂದು ನಾನ ಬರ್ಕೊಡ್ತೀನಿ ನೋಡವ್ವ" ಎಂದರು. ಒಳಗಿನಿಂದ ಅನ್ನದಾನಮ್ಮನವರು, "ಬರೀರಿ. ಕಾರಣ ಅನ್ನೋ ಕಡೆ ಕದ್ದು ಜಿಲೇಬಿ ತಿಂದಿದ್ದು ಅಂತ ಬರೀರಿ" ಎಂದರು. ನಾನೇ ಬೇಡವೆಂದೆ. ನಿಮ್ಮ ಕಚೇರಿಯ ವೇಗ ನೋಡಿದರೆ, ಆಮೇಲೆ ಅವರನ್ನು ಮತ್ತೆ ಬದುಕಿಸಲು ಯಾವ ದಾಖಲೆ ಕೇಳುತ್ತೀರೋ ಎಂಬ ಹೆದರಿಕೆ.

ನಕ್ಕು ನಕ್ಕು ಸಾಕಾಗಿದೆ, ಈಗ ಸಿಟ್ಟಿನ ಮಾತನ್ನೂ ಹೇಳುತ್ತೇನೆ. ಊರು ಆಡಿಕೊಂಡದ್ದು ನನಗೆ ನೋವಾಗಲಿಲ್ಲ, ಇಲ್ಲಿ ಎಲ್ಲರೂ ಎಲ್ಲರನ್ನೂ ಆಡಿಕೊಳ್ಳುತ್ತಾರೆ. ಆದರೆ ಇಷ್ಟು ವರ್ಷ ನಿಂತು ಮಾಡಿದ ಕೆಲಸಕ್ಕೆ ಆ ಹಿರಿಯರು ಮನಸಾರೆ ಬರೆದುಕೊಟ್ಟ ಪತ್ರವನ್ನು ಗಂಡ ಹೆಂಡತಿಗೆ ತಂದುಕೊಟ್ಟ ಸೀರೆಯಂತೆ ನೋಡಿದಿರಲ್ಲ, ಅದು ಹೊಟ್ಟೆ ಉರಿಸಿತು. ನಾನೇನು ಅಷ್ಟಕ್ಕೆ ಹುಟ್ಟಿದವಳೇ? ಡಾಕ್ಟರೇಟ್ ಬಂದರೂ ನಾನು ವೈದ್ಯೆಯಾಗುವುದಿಲ್ಲ, ಸಹಾಯಕಿಯಾಗಿಯೇ ಇರುತ್ತೇನೆ, ಅದು ನನಗೆ ಗೊತ್ತು. ಆದರೂ ಜನ ಡಾಕ್ಟ್ರಮ್ಮ ಎಂದು ಕರೆದಾಗಲೆಲ್ಲ ಕದ್ದ ಒಡವೆ ಹಾಕಿಕೊಂಡವಳಂತೆ ಮುದುಡುತ್ತೇನೆ. ಒಂದು ಸಲವಾದರೂ "ಓ" ಎಂದು ಗಟ್ಟಿಯಾಗಿ ಓಗೊಡಬೇಕೆಂಬ ಆಸೆ. ನಮ್ಮೂರಿನಲ್ಲಿ ಡಾಕ್ಟ್ರಮ್ಮ ಆಗಲು ಇರುವುದು ಎರಡು ದಾರಿ: ಕಟ್ಟಿಕೊಂಡು ಆಗಬೇಕು, ಇಲ್ಲವೇ ಕಲಿತುಕೊಂಡು ಆಗಬೇಕು. ನಾನು ಕಲಿತುಕೊಂಡು ಆಗುತ್ತೇನೆಂದು ನಿಮ್ಮ ಬಾಗಿಲಿಗೆ ಬಂದೆ. ನೀವು ಕಟ್ಟಿ ಕಳಿಸಿದಿರಿ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ತಿಂಗಳು ಮುಗಿಯುವುದರೊಳಗೆ ನೀವು ಕೊಟ್ಟ ಗಂಡನನ್ನು ಹಿಂದಕ್ಕೆ ತೆಗೆದುಕೊಳ್ಳಿ, ನಾನು ಕೇಳಿದ ಸೀಟನ್ನು ಕೊಡಿ. ಮತ್ತೆ ಪರಿಶೀಲನೆಗೆ ಫೋನು ಮಾಡುವುದಾದರೆ ಧಾರಾಳವಾಗಿ ಮಾಡಿ. ಈ ಸಲ ನಾನೇ ಎತ್ತುತ್ತೇನೆ. ಜಂಬಕ್ಕನಿಗೆ ಫೋನು ಮುಟ್ಟಬೇಡವೆಂದು ಹೇಳಿಯಾಗಿದೆ. ಆಕೆ "ಆತು ಬಿಡ್ರಿ ಡಾಕ್ಟ್ರಮ್ಮ" ಎಂದಿದ್ದಾಳೆ.

ಇಂತಿ,
ನಿಮ್ಮ ಕಂಪ್ಯೂಟರಿನಲ್ಲಿ ಒಬ್ಬ, ಮನೆಯಲ್ಲಿ ಒಬ್ಬ ಗಂಡನಿದ್ದೂ ಸೀಟಿಲ್ಲದೆ ಕೂತಿರುವ
ಅರ್ಚನಾ ಕೋಂ ಅರುಣಕುಮಾರ್ (ದಯವಿಟ್ಟು ಎರಡು ಸಲ ಓದಿ)
ವೈದ್ಯ ಸಹಾಯಕಿ, ಕೊಟ್ಟೂರು