ಮುದ್ದೆ ನುಂಗುವವರಿಗೂ ಹಲ್ಲು ಬೇಕು, ಸ್ವಾಮಿ

ವೈದ್ಯ ಇಲಾಖೆಯ ಮೇಲಧಿಕಾರಿಗಳಿಗೆ, ಕುಂದಾಣದ ರೈತನೊಬ್ಬ ನಾಲ್ಕು ಜನಕ್ಕೆ ಕೇಳುವಂತೆ ಬರೆದುಕೊಂಡದ್ದು.

ಮಾನ್ಯರೇ,

ಹೋದ ತಿಂಗಳು ತಮ್ಮ ಕಚೇರಿಗೆ ಬಂದು ನಾನು ಕೇಳಿದ್ದು ಒಂದು ಬೆಂಚು. ಬೆಂಗಳೂರಿನ ಹಲ್ಲಿನ ಡಾಕ್ಟರೊಬ್ಬರು ಸಂತೆಯ ದಿನ ತಾವಾಗಿಯೇ ಬಂದು ನಮ್ಮ ಮಕ್ಕಳ ಬಾಯಿ ನೋಡಲು ಒಪ್ಪಿದ್ದಾರೆ, ತಾಲ್ಲೂಕು ಆಸ್ಪತ್ರೆಯ ಜಗುಲಿಯಲ್ಲಿ ಅವರಿಗಿಷ್ಟು ಜಾಗ ಕೊಡಿಸಿ ಎಂದೆ. ತಾವು ನಕ್ಕಿರಿ. "ಹಾಲುಹಲ್ಲು ಬೀಳೋದೂ ಒಂದು ಕಾಯಿಲೆ ಏನ್ರೀ? ಹುಡುಗಿಯರು ಮದುವೆ ವಯಸ್ಸಿಗೆ ಬಂದಾಗ ಹಲ್ಲು ಸೊಟ್ಟಗಿದ್ದರೆ ನೋಡೋಣ. ಅದೂ ಅಲ್ಲದೆ ನೀವು ಮುದ್ದೆ ನುಂಗೋ ಜನ, ನಿಮಗೆ ಹಲ್ಲು ಯಾಕೆ?" ಎಂದಿರಿ. ಗುಮಾಸ್ತರು ನಕ್ಕರು. ಮಾತು ಸೊಗಸಾಗಿತ್ತು, ನಾನೂ ನಕ್ಕುಬಿಟ್ಟೆ. ಬಸ್ಸು ಹತ್ತಿ ಕೂತ ಮೇಲೆ ಸಿಟ್ಟು ಬಂತು.

ತಮ್ಮ ಮಾತಿನಲ್ಲಿ ಅರ್ಧ ನಿಜವಿದೆ, ಆ ಅರ್ಧದಿಂದಲೇ ನಾವು ಕೆಟ್ಟದ್ದು. ಮುದ್ದೆ ತಿನ್ನುವ ಮನೆಯಲ್ಲಿ ಮಗು ಕಚ್ಚುತ್ತದೋ ಇಲ್ಲವೋ ಯಾರು ನೋಡುತ್ತಾರೆ? ನನ್ನ ಮೊಮ್ಮಗಳು ಅಂಜಿನಮ್ಮನ ಮುಂದಿನ ಹಾಲುಹಲ್ಲು ಬಿದ್ದಾಗ ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆದೆವು. ಅಲ್ಲಿಗೆ ನಮ್ಮ ಜವಾಬ್ದಾರಿ ಮುಗಿಯಿತು. ಹೊಸ ಹಲ್ಲು ಎಲ್ಲಿ ಎದ್ದಿತೆಂದು ಬಾಯಿ ತೆರೆಸಿ ನೋಡಿದವರಿಲ್ಲ. "ನಮ್ ಅಂಜಿ ಮುದ್ದೆ ನುಂಗೋದ್ ನೋಡ್ರವ್ವಾ, ಹಲ್ಲಿಗೇ ತಾಕ್ಸಲ್ಲ!" ಎಂದು ಅವಳ ಅಜ್ಜಿ ಮುನಿತಾಯಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಸೀಬೆಹಣ್ಣಿನ ಕಾಲ ಬಂದಾಗ ಬಣ್ಣ ಬಯಲಾಯಿತು. ಹುಡುಗಿ ಹಣ್ಣನ್ನು ಕೆರೆದು ಕೆರೆದು ನೆಕ್ಕುತ್ತಿದ್ದಳು. "ಯಾಕವ್ವಾ?" ಅಂದರೆ, "ಕಚ್ಚಕ್ಕೆ ಆಗ್ತಿಲ್ಲ ತಾತಾ" ಅಂದಳು. ನೋಡಿದರೆ ಮೇಲಿನ ಮುಂದಿನ ಹಲ್ಲು ಕೆಳಹಲ್ಲಿನ ಹಿಂದೆ, ಬೇಲಿಗೆ ತಲೆ ತೂರಿಸಿದ ಕರುವಿನ ಹಾಗೆ ಸಿಕ್ಕಿಕೊಂಡಿದೆ!

ಯುದ್ಧ ಮುಗಿದರೂ ಪೆಟ್ರೋಲಿಲ್ಲದೆ ಇದ್ದಿಲಿನಲ್ಲೇ ಓಡುವ ನಮ್ಮ ಬಸ್ಸಿನಲ್ಲಿ ಕೆಮ್ಮುತ್ತಾ ಬೆಂಗಳೂರು ಸೇರಿದೆವು. ಡಾಕ್ಟರು ಒಂದು ಚಪ್ಪಟೆ ಕಡ್ಡಿ ಕೊಟ್ಟು, ಆ ಹಲ್ಲಿನ ಹಿಂದೆ ಇಟ್ಟು ದಿನಾ ಕಚ್ಚುವುದನ್ನು ಕಲಿಸಿದರು. "ಹಲ್ಲು ಈಗಷ್ಟೇ ಏಳ್ತಿದೆ, ಹೇಳಿದ ಮಾತು ಕೇಳುತ್ತೆ. ದೊಡ್ಡವಳಾದ ಮೇಲೆ ತಂದಿದ್ರೆ ತಂತಿ ಕಟ್ಟಿ ವರ್ಷಗಟ್ಟಲೆ ಒದ್ದಾಡಬೇಕಾಗಿತ್ತು" ಎಂದರು. ರಾಗಿ ಕೊಯ್ಲಿಗೆ ಮುಂಚೆಯೇ ಹಲ್ಲು ಮುಂದಕ್ಕೆ ಬಂದು ತನ್ನ ಜಾಗದಲ್ಲಿ ಕೂತಿತು. ಆಮೇಲೆ ಊರಿನಲ್ಲಿ ಯಾರ ಮರದ ಸೀಬೆಯೂ ಅವಳಿಂದ ಉಳಿಯಲಿಲ್ಲ, ಆ ದೂರುಗಳನ್ನು ಬೇರೆಯೇ ಬರೆಯಬೇಕು.

ಇನ್ನು ನಮ್ಮ ಊರಿನ ಜಾಣತನ ಕೇಳಿ. ಕಡ್ಡಿಯಲ್ಲೇ ಮಹಿಮೆ ಇದೆಯೆಂದು ತಾಯಂದಿರೆಲ್ಲ ಹೊಂಗೆಯದೋ ಬಿದಿರಿನದೋ ಕೆತ್ತಿ ಮಕ್ಕಳ ಬಾಯಿಗೆ ತುರುಕಿದರು. ಸಂಜೆಯಾದರೆ ಸಾಕು, ಜಗುಲಿಗಳ ಮೇಲೆ ಸಾಲು ಸಾಲು ಮಕ್ಕಳು, ಬಾಯಲ್ಲಿ ಕಡ್ಡಿ. ಅಯ್ಯೋ, ಎಂಥ ಮೌನವಿತ್ತು ಊರಿನಲ್ಲಿ! ಆದರೆ ಅಂಜಿಯ ಗೆಳತಿ ಪಿಳ್ಳಮ್ಮ ಹೆಬ್ಬೆರಳು ಚೀಪಿ ಚೀಪಿ ಮೊದಲೇ ಹಲ್ಲು ಉಬ್ಬಿಸಿಕೊಂಡವಳು. ಕಡ್ಡಿ ಕಚ್ಚಿ ಅವು ಇನ್ನೂ ಮುಂದೆ ಬಂದವು, ಈಗ ತುಟಿ ಮುಚ್ಚುವುದಿಲ್ಲ. ಕಳೆ ಕೀಳುವ ಕೂಲಿಗೆ ಹೋಗುವ ಅವಳ ತಾಯಿ ಮುನಿಲಕ್ಷ್ಮಮ್ಮ ನನ್ನ ಮುಂದೆ ಅತ್ತುಬಿಟ್ಟಳು. "ಒಳ್ಳೇದಾಗ್ಲಿ ಅಂತ ನಾನೇ ಕೆತ್ಕೊಟ್ಟೆ ಕಣಣ್ಣಾ. ಕೂಲಿ ಬಿಟ್ಟು ಬೆಂಗ್ಳೂರ್ಗೆ ಯಾವಾಗ ಹೋಗ್ಲಿ?"

ನಾನೇ ಪಿಳ್ಳಮ್ಮನನ್ನು ಕರೆದುಕೊಂಡು ಹೋದೆ. ಬೆರಳು ಬಿಡಿಸಬೇಕು, ಹಲ್ಲನ್ನು ಹಿಂದಕ್ಕೆ ತಳ್ಳುವ ಪಟ್ಟಿ ಬಾಯಿಗೆ ಕೂರಿಸಿ ತಿಂಗಳು ತಿಂಗಳು ನೋಡಬೇಕು, ಈಗಲೇ ಮಾಡಿದರೆ ಸಲೀಸು ಎಂದರು ಡಾಕ್ಟರು. ನನ್ನ ಮುಖ ನೋಡಿ ಅವರೇ, "ಮಗೂನ ಆ ಬಸ್ಸಲ್ಲಿ ಕುಲುಕಿಸಬೇಡಿ, ನಾನೇ ನಿಮ್ಮ ಸಂತೆಗೆ ಬರ್ತೀನಿ, ಕೂರಕ್ಕೆ ಒಂದು ಬೆಂಚು ಕೇಳಿ" ಎಂದರು. ಹಾಗೆ ಕೇಳಲು ಬಂದಾಗಲೇ ತಾವು ನಕ್ಕದ್ದು.

ಸ್ವಾಮಿ, ಸಸಿ ಸೊಟ್ಟಗೆದ್ದರೆ ನಾವು ಆಗಲೇ ಕೋಲು ಕಟ್ಟುತ್ತೇವೆ. ಮರವಾಗಲಿ, ಆಮೇಲೆ ನೋಡೋಣ ಎಂದು ತಮ್ಮ ಬಂಗಲೆಯ ಮಾಲಿ ಹೇಳಿದರೆ ಅವನನ್ನು ಕೆಲಸದಲ್ಲಿ ಇಟ್ಟುಕೊಳ್ಳುತ್ತೀರಾ? ಪಿಳ್ಳಮ್ಮನ ಹಲ್ಲು ತಮ್ಮ ಅಪ್ಪಣೆಗೆ ಕಾಯುತ್ತಾ ನಿಲ್ಲುವುದಿಲ್ಲ, ಬೆಳೆಯುತ್ತಲೇ ಇದೆ. ಬರುವ ಸಂತೆಗೆ ಜಗುಲಿಯ ಮೇಲೆ ಬೆಂಚು ಇರಬೇಕು. ಇಲ್ಲದಿದ್ದರೆ ಕಡ್ಡಿ ಕಚ್ಚಿದ ಮಕ್ಕಳ ದಂಡನ್ನೇ ತಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂರಿಸುತ್ತೇನೆ. ಅವು ಗಲಾಟೆ ಮಾಡುವುದಿಲ್ಲ, ಭಯ ಬೇಡ.

ನಿನ್ನೆ ಪಿಳ್ಳಮ್ಮ ಕೇಳಿದಳು, "ತಾತಾ, ಆ ಸಾಹೇಬ್ರ ಹಲ್ಲು ಹೆಂಗವೆ?"

"ಅವರು ನಗೋವಾಗ ನೋಡ್ದೆ ಕಣವ್ವಾ. ಸಾಲಾಗಿ, ಲಕ್ಷಣವಾಗವೆ."

ಅವಳು ಬಾಯಿಗೆ ಅಂಗೈ ಅಡ್ಡ ಹಿಡಿದುಕೊಂಡೇ ಅಂದಳು, "ಓ, ಅದ್ಕೇ ಅವ್ರು ಕೈ ಅಡ್ಡ ಇಟ್ಕೊಳ್ದೆ ನಗ್ತಾರೆ."

ಇಂತಿ,
ತನ್ನ ಹಲ್ಲುಗಳೆಲ್ಲ ಉದುರಿದ ಮೇಲೆ ಮಕ್ಕಳ ಬಾಯಿ ನೋಡಲು ಕಲಿತ
ರಾಮಾಂಜಿನಪ್ಪ, ಕುಂದಾಣ